ಒಂದು ಮೊರ ನುಚ್ಚಿನ ಹೆಸರು

ಸಂಕೇಶ್ವರ
೧೧ ಜನವರಿ ೨೦೨೫

ಶ್ರೀ ಮಹಾಂತೇಶ ಹೆಂಟಿ ಅವರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ, ನನ್ನ ಅಡ್ಡಹೆಸರು ಮಾತ್ರ ಚೆನ್ನಾಗಿ ಗೊತ್ತು. ನಾನು ಆಮ್ರಪಾಲಿ ದುರ್ಗಪ್ಪ ಹೆಂಟಿ. ಮನೆ ಸಂಕೇಶ್ವರದಲ್ಲಿ, ಹುಕ್ಕೇರಿಯಲ್ಲಿ ನನ್ನದೊಂದು ಔಷಧಿ ಅಂಗಡಿ. ಅಪ್ಪ ದುರ್ಗಪ್ಪ ಮತ್ತು ತಮ್ಮ ಸ್ವಪ್ನಿಲ್ ನನ್ನ ಜೊತೆಗೇ ಇದ್ದಾರೆ.

ಹೋದ ವಾರ ಸಕ್ಕರೆ ಕಾರ್ಖಾನೆಯ ಮುಂದೆ ಸಾಲು ಹಿಡಿದು ನಿಂತ ಕಬ್ಬಿನ ಗಾಡಿಗಳ ನಡುವೆ ನನ್ನ ಸ್ಕೂಟಿ ಸಿಕ್ಕಿಕೊಂಡಿತು. ಎದುರಿನ ಟ್ರೇಲರಿನ ಬೆನ್ನಿಗೆ ಹಳದಿ ಬಣ್ಣದಲ್ಲಿ 'ಮಾಳಪ್ಪ ಹೆಂಟಿ, ಮಸಗುಪ್ಪಿ' ಎಂದು ಬರೆದಿತ್ತು. ನಾನು ಎರಡು ಸಲ ಓದಿದೆ. ನಮ್ಮ ಸೀಮೆಯಲ್ಲಿ ಅಡ್ಡಹೆಸರಿಗೆ ಬರಗಾಲವಿಲ್ಲ. ಮೆಣಸಿನಕಾಯಿ ಇದ್ದಾರೆ, ಉಳ್ಳಾಗಡ್ಡಿ ಇದ್ದಾರೆ, ಬೆಲ್ಲದ ಅವರಂತೂ ಊರಿಗೊಂದು ಮನೆ. ಹೆಂಟಿ ಎಂಬವರನ್ನು ಮಾತ್ರ ನಮ್ಮ ಮನೆಯ ಹೊರಗೆ ನಾನು ಕಂಡಿಲ್ಲ. ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ಸ್ವಪ್ನಿಲ್ ಒಬ್ಬನೇ ಸಿಗುತ್ತಾನೆ. ಸಾಲೆಯಲ್ಲಿ ನನ್ನನ್ನು ಕಂಡರೆ ಹುಡುಗರು, "ಮಣ್ಣಹೆಂಟಿ ಬಂತು, ನೀರ ಹಾಕಬ್ಯಾಡ್ರೋ, ಕರಗತೈತಿ" ಎನ್ನುತ್ತಿದ್ದರು.

ನಿಮ್ಮ ಡ್ರೈವರ್ ನಂಬರ್ ಕೊಟ್ಟ. ಫೋನ್ ಮಾಡಿ ನನ್ನ ಪೂರ್ತಿ ಹೆಸರು ಹೇಳಿದ ಕೂಡಲೇ ನೀವು "ರಾಂಗ್ ನಂಬರ್" ಎಂದು ಇಟ್ಟುಬಿಟ್ಟಿರಿ. ಅದಕ್ಕೆ ಈ ಕಾಗದ.

ಕೇಳುವ ಕಾರಣ ಇಷ್ಟೇ. ಸ್ವಪ್ನಿಲ್ ಈ ಅಡ್ಡಹೆಸರು ತೆಗೆಸಬೇಕೆಂದು ಹಟ ಹಿಡಿದಿದ್ದಾನೆ. ಯಾರೋ ದೊಡ್ಡವರು ನಮ್ಮ ಹಿರಿಯರ ತಲೆಗೆ ಹೊಡೆದ ಹೆಸರಿದು, ಹೊತ್ತು ತಿರುಗುವುದೇಕೆ ಎನ್ನುತ್ತಾನೆ. ಹೆಸರು ಬದಲಿಸಲು ಮನೆಯವರೆಲ್ಲರ ಪ್ರಮಾಣಪತ್ರ ಬರೆಸಿ ಇಟ್ಟಿದ್ದಾನೆ. ಅಪ್ಪ ಸಹಿ ಮಾಡುತ್ತಿಲ್ಲ, ಏಕೆಂದು ಹೇಳುತ್ತಲೂ ಇಲ್ಲ. ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡುತ್ತಾರೆ. ನನ್ನ ಸಹಿಯೂ ಬಾಕಿ ಇದೆ. ಹೆಸರು ನಮ್ಮದೇ ಆಗಿದ್ದರೆ ನಾನು ಬಿಡುವುದಿಲ್ಲ, ಇನ್ನೊಬ್ಬರು ಹೊರಿಸಿದ್ದಾದರೆ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ನಿಮಗೆ ಈ ಹೆಸರು ಎಲ್ಲಿಂದ ಬಂತು, ದಯವಿಟ್ಟು ತಿಳಿಸಿ.

ಆಮ್ರಪಾಲಿ ಹೆಂಟಿ


ಮಸಗುಪ್ಪಿ
೨೪ ಜನವರಿ ೨೦೨೫

ಆಮ್ರಪಾಲಿ ಮೇಡಂ ಅವರಿಗೆ,

ಪತ್ರ ಮುಟ್ಟಿದೆ. ಫೋನ್ ಇಟ್ಟದ್ದು ನಾನೇ. ಈಗಿನ ಕಾಲದಲ್ಲಿ ಫೋನಿನಲ್ಲಿ ಆಡಿದ್ದನ್ನು ರೆಕಾರ್ಡ್ ಮಾಡುತ್ತಾರೆ, ವಾಟ್ಸಾಪ್‌ನಲ್ಲಿ ಬರೆದದ್ದು ಸಂಜೆಯೊಳಗೆ ಊರ ಕಟ್ಟೆಗೆ ಬರುತ್ತದೆ. ಕಾಗದ ಒಬ್ಬರ ಕೈಯಲ್ಲಿ ಇರುತ್ತದೆ. ಇನ್ನೇನಾದರೂ ಕೇಳುವುದಿದ್ದರೆ ಹೀಗೇ ಬರೆಯಿರಿ. ಲಕೋಟೆಯ ಮೇಲೆ ಮಾತ್ರ ನಿಮ್ಮ ಅಡ್ಡಹೆಸರು ಹಾಕಬೇಡಿ. ನಮ್ಮ ಊರಿಗೆ ಟಪಾಲು ತರುವವನು ಬಾಯಿ ಸಡಿಲದ ಮನುಷ್ಯ.

ನಮ್ಮದು ಎರೆಹೊಲ. ಬೇಸಿಗೆಯಲ್ಲಿ ನೇಗಿಲು ಹೊಡೆದರೆ ತಲೆಗಾತ್ರದ ಹೆಂಟಿಗಳು ಏಳುತ್ತವೆ. ಹೆಂಟಿ ಹೊಲದವರು ಎನ್ನುತ್ತ ಎನ್ನುತ್ತ ಹೆಂಟಿ ಆಯಿತು. ನಮ್ಮ ತಂದೆ ಮಾಳಪ್ಪ ನಾನು ಸಣ್ಣವನಿದ್ದಾಗ ಹೇಳಿದ್ದು ಇಷ್ಟೇ. ಈಗ ಅವರಿಗೆ ವಯಸ್ಸಾಗಿದೆ, ಮೈ ನೆಟ್ಟಗಿಲ್ಲ, ಇಂಥದ್ದನ್ನೆಲ್ಲ ಅವರ ಮುಂದೆ ತೆಗೆಯುವ ಹಾಗಿಲ್ಲ.

ನಾನೂ ಒಂದು ಕೇಳಬಹುದೇ? ಒಂದು ಅಡ್ಡಹೆಸರಿಗಾಗಿ ಯಾರಾದರೂ ಇಷ್ಟು ಉದ್ದದ ಪತ್ರ ಬರೆಯುತ್ತಾರೆಯೇ? ನಿಮ್ಮ ಹಿಂದೆ ವಕೀಲರು ಯಾರಾದರೂ ಇದ್ದಾರೆಯೇ? ಇದ್ದರೆ ಅವರ ಹೆಸರು ತಿಳಿಸಿ. ಹೊಗೆ ಕಂಡ ಮೇಲೆ ಬೆಂಕಿ ಎಲ್ಲಿದೆ ಎಂದು ನೋಡುವುದು ನಮ್ಮ ಪದ್ಧತಿ.

ಮಹಾಂತೇಶ ಮಾ.


ಸಂಕೇಶ್ವರ
೨ ಫೆಬ್ರವರಿ ೨೦೨೫

ಮಹಾಂತೇಶ ಅವರಿಗೆ,

ಲಕೋಟೆಯ ಮೇಲೆ ಬರೀ 'ಆಮ್ರಪಾಲಿ' ಎಂದು ಹಾಕಿದ್ದೇನೆ. ನಿಮ್ಮ ಟಪಾಲಿನವನು ಅದನ್ನು ಓದಿ ಇನ್ನೇನು ತಿಳಿದುಕೊಳ್ಳುತ್ತಾನೋ ಅದಕ್ಕೆ ನಾನು ಹೊಣೆಯಲ್ಲ.

ಎರೆಹೊಲದಲ್ಲಿ ಹೆಂಟಿ ಎದ್ದರೆ ಅಡ್ಡಹೆಸರು ಬರುವುದಾದರೆ ಗೋಕಾಕ, ಮೂಡಲಗಿ ಎರಡೂ ತಾಲೂಕಿನ ಜನ ಹೆಂಟಿಗಳೇ ಆಗಬೇಕಿತ್ತು. ನಿಮ್ಮ ಬಾಜೂ ಹೊಲದವರ ಅಡ್ಡಹೆಸರು ಏನು? ಅವರ ಹೊಲದಲ್ಲಿ ರವೆ ಬೀಳುತ್ತದೆಯೇ?

ಮೊದಲ ಪತ್ರದಲ್ಲಿ ಎರಡು ಮಾತು ಬಿಟ್ಟಿದ್ದೆ. ನನ್ನ ಆಯಿ, ಎಂದರೆ ಅಪ್ಪನ ತಾಯಿ, ಕಾಡವ್ವ. ಅವಳು ಮದುವೆಯಾಗಿ ಬಂದದ್ದು ನಿಮ್ಮ ಮಸಗುಪ್ಪಿಗೆ. ಊರ ಕೆಳಗಿನ ಕೇರಿಯಲ್ಲಿ ನಮ್ಮ ಮನೆ ಇತ್ತಂತೆ. ಆಮೇಲೆ ಅಜ್ಜನಿಗೆ ಗೋಕಾಕ ಫಾಲ್ಸ್‌ನ ಗಿರಣಿಯಲ್ಲಿ ಕೆಲಸ ಸಿಕ್ಕಿ ಊರು ಬಿಟ್ಟರು. ಅಪ್ಪ ಹುಟ್ಟಿದ್ದು ಫಾಲ್ಸ್‌ನಲ್ಲಿ. ನಾವು ಈಗ ಬೌದ್ಧರು. ಇದನ್ನು ಮುಚ್ಚಿಡಲಿಲ್ಲ, ನನ್ನ ಹೆಸರು ನೋಡಿಯೇ ನೀವು ತಿಳಿದಿರುತ್ತೀರಿ ಎಂದು ಬಿಟ್ಟೆ.

ಎರಡನೆಯದು. ನಿಮ್ಮ ಟ್ರೇಲರ್ ಕಂಡ ದಿನ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ಮಾಳಪ್ಪ ಇನ್ನೂ ಅದಾನೇನು?" ಎಂದು ಕೇಳಿದ. ಅವನು ಯಾರು ಎಂದರೆ, "ಯಾರೂ ಅಲ್ಲ. ಆ ಗಾಡಿ ಸುದ್ದಿ ಬಿಡು" ಎಂದ. ಯಾರೂ ಅಲ್ಲದವನು ಇದ್ದಾನೋ ಸತ್ತನೋ ಎಂದು ಯಾರಾದರೂ ಕೇಳುತ್ತಾರೆಯೇ?

ನನ್ನ ಅನುಮಾನ ನೇರವಾಗಿ ಹೇಳುತ್ತೇನೆ. ನಮ್ಮವರು ನಿಮ್ಮ ಮನೆಯಲ್ಲಿ ಜೀತಕ್ಕಿದ್ದರು. ಹೆಂಟಿಯವರ ಆಳು ಎನ್ನುತ್ತ ನಿಮ್ಮ ಹೆಸರನ್ನೇ ನಮಗೆ ಅಂಟಿಸಿದರು, ದನಕ್ಕೆ ಮಾಲಕನ ಗುರುತು ಹಾಕುವ ಹಾಗೆ. ಹೌದೋ ಅಲ್ಲವೋ? ಹೌದಾದರೆ ನಾಳೆಯೇ ಸಹಿ ಮಾಡುತ್ತೇನೆ.

ವಕೀಲರು ಯಾರೂ ಇಲ್ಲ. ಇರುವವಳು ನಾನೊಬ್ಬಳೇ.

ಆಮ್ರಪಾಲಿ


ಮಸಗುಪ್ಪಿ
೧೯ ಫೆಬ್ರವರಿ ೨೦೨೫

ಮೇಡಂ ಅವರಿಗೆ,

ವಕೀಲರು ಇಲ್ಲ ಎನ್ನುತ್ತೀರಿ. ಹಾಗಾದರೆ ಹೋದ ಶುಕ್ರವಾರ ಕೆಂಪು ಮೋಟರ್‌ಸೈಕಲ್ ಮೇಲೆ ಬಂದು ನಮ್ಮ ಮನೆಯ ಫೋಟೋ ಹೊಡೆದುಕೊಂಡು ಹೋದ ಹುಡುಗ ಯಾರು? ನಮ್ಮ ಅವ್ವ ಹನಮವ್ವ, "ಯಾರಪಾ ನೀ?" ಎಂದು ಕೇಳಿದರೆ, "ಹಾದಿ ತಪ್ಪಿ ಬಂದೇನ್ರಿ ಆಯಿ" ಎಂದನಂತೆ. ಹಾದಿ ತಪ್ಪಿದವನು ಫೋಟೋ ಹೊಡೆಯುತ್ತಾನೆಯೇ?

ಈಗ ನನಗೆ ಅರ್ಥವಾಯಿತು. ಮಸಗುಪ್ಪಿಯ ಕೆಳಗಿನ ಕೇರಿ, ಊರು ಬಿಟ್ಟು ಹೋದವರು, ನಮ್ಮದೇ ಅಡ್ಡಹೆಸರು. ಇದು ಹೊಲದ ಮಾತು. ನಮ್ಮ ಹೊಲ ಪಿತ್ರಾರ್ಜಿತ. ಅದರಲ್ಲಿ ಇನಾಮು ಇಲ್ಲ, ಉಂಬಳಿ ಇಲ್ಲ, ಯಾರದೂ ಒತ್ತಿ ಹಿಡಿದದ್ದಿಲ್ಲ. ಅಡ್ಡಹೆಸರು ಒಂದೇ ಎಂದು ಪಾಲು ಕೇಳುವ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಮನೆಯಲ್ಲಿ ಯಾರೂ ಜೀತಕ್ಕಿರಲಿಲ್ಲ.

ಒಂದು ಮನೆಮಾತು ಹೇಳುತ್ತೇನೆ, ನಿಮಗೂ ತಂದೆ ಇದ್ದಾರೆಂದು ಹೇಳುತ್ತೇನೆ. ನನ್ನ ಮಗಳು ನಂದಾ ಮೂಡಲಗಿಯಲ್ಲಿ ಬಿ.ಎಡ್. ಮುಗಿಸಿದ್ದಾಳೆ. ಗೋಕಾಕದ ಒಳ್ಳೆಯ ಮನೆತನದಿಂದ ಸಂಬಂಧ ಬಂದಿದೆ. ಹುಡುಗನ ಕಾಕಾ ಖಂಡೆಪ್ಪ ಅನ್ನುವವರು ಮೊನ್ನೆ ಸಂತೆಯಲ್ಲಿ ಸಿಕ್ಕು, "ಹೆಂಟಿ ಅನ್ನೂ ಅಡ್ಡಹೆಸರ ನಮ್ಮ ಪೈಕಿ ಎಲ್ಲೂ ಕೇಳಿಲ್ರಿ. ಸಂಕೇಶ್ವರದ ಕಡೆ ಒಂದ್ ಮನಿ ಐತಂತ, ಅವರ ಕೇರಿ ಬ್ಯಾರೇ ಅಂತ" ಎಂದು ನನ್ನ ಮುಖ ನೋಡಿದರು. ನಾನು ನಕ್ಕು ಮಾತು ಮರೆಸಿದೆ. ಎಷ್ಟು ದಿನ ಮರೆಸಲಿ?

ನಿಮ್ಮ ತಮ್ಮನ ವಿಚಾರ ಸರಿಯಾಗಿದೆ. ಹೆಸರು ಬದಲಾಯಿಸಿಬಿಡಿ. ಬೆಳಗಾವಿಯಲ್ಲಿ ನನ್ನ ಗುರುತಿನವರಿದ್ದಾರೆ, ಬೇಗ ಮಾಡಿಸಿಕೊಡುತ್ತಾರೆ. ನೀವು ಹ್ಞೂಂ ಅನ್ನಿ ಸಾಕು.

ಮಹಾಂತೇಶ ಮಾ.


ಸಂಕೇಶ್ವರ
೧ ಮಾರ್ಚ್ ೨೦೨೫

ಮಹಾಂತೇಶ ಅವರಿಗೆ,

ಹೊಲದಲ್ಲಿ ಪಾಲು ಎಂಬ ಮಾತನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ನೀವೇ ಹೆಗಲು ಮುಟ್ಟಿ ನೋಡಿಕೊಂಡಿರಿ. ಮೋಟರ್‌ಸೈಕಲ್ ಮೇಲೆ ಬಂದವನು ಸ್ವಪ್ನಿಲ್. ನನಗೆ ಹೇಳದೆ ಬಂದಿದ್ದ. ಮನೆ ಯಾರದೆಂದು ನೋಡಲು ಬಂದವನು ನಿಮ್ಮ ಅವ್ವನ ಎದುರು ಹೆದರಿ ಸುಳ್ಳು ಹೇಳಿದ್ದಾನೆ.

ನಾವು ಹೆಸರು ಬಿಡಲಿ ಎಂದು ನಿಮಗೇ ಇಷ್ಟು ಅವಸರ ಇದ್ದರೆ ನಾನು ಸಹಿ ಮಾಡುವುದಿಲ್ಲ. ಅದರಲ್ಲಿ ಏನೋ ಇದೆ.

ಏನಿರಬಹುದು ಎಂದು ನೆನಪು ಕೆದಕುತ್ತ ಕುಳಿತೆ. ನಾನು ಚಿಕ್ಕವಳಿದ್ದಾಗ, ಫಾಲ್ಸ್‌ನ ಚಾಳಿನಲ್ಲಿದ್ದಾಗ, ತಲೆಗೆ ಪಟಕಾ ಸುತ್ತಿದ ಒಬ್ಬ ರೈತ ನಮ್ಮ ಬಾಗಿಲಿಗೆ ಬಂದಿದ್ದ. ಕೈಯಲ್ಲಿ ಮೊರ, ಮೊರದಲ್ಲಿ ಜೋಳದ ನುಚ್ಚು, ಅದರ ಮೇಲೆ ಒಂದು ಇಳಕಲ್ ಸೀರೆ. ಆಯಿ ಬಾಗಿಲಿಗೆ ಅಡ್ಡ ನಿಂತು, "ಒಯ್ಯಿ ಇದನ್ನ. ನಾ ಮುಟ್ಟಾಂಗಿಲ್ಲ. ನಾ ಇರೂತನಕ ಇದನ್ನ ತರಬ್ಯಾಡ" ಎಂದಳು. ಆತ ಕಣ್ಣು ಒರೆಸಿಕೊಳ್ಳುತ್ತ ಹೋದ. ಆಯಿ ಒಳಗೆ ಬಂದು ಗೋಡೆಗೆ ಮುಖ ಮಾಡಿ ಕುಳಿತಳು. ಮುಪ್ಪಿನಲ್ಲಿ ಅವಳ ಬುದ್ಧಿ ಮಂಕಾದಾಗ, "ಮಸಗುಪ್ಪ್ಯಾಗ ನನ್ನ ಹಿರೇಮಗ ಅದಾನ, ಅವಗ ಹೇಳಿ ಕಳಸ್ರಿ" ಎನ್ನುತ್ತಿದ್ದಳು. ಬಡಬಡಿಕೆ ಎಂದು ನಾವು ಬಿಟ್ಟೆವು. ಅಪ್ಪನಿಗಿಂತ ಮೊದಲು ಅವಳಿಗೆ ಮಕ್ಕಳೇ ಇರಲಿಲ್ಲ.

ಈಗ ಅದು ಬಡಬಡಿಕೆ ಅನಿಸುತ್ತಿಲ್ಲ. ಕೆಳಗಿನ ಕೇರಿಯ ಹರೆಯದ ಹೆಣ್ಣು, ಮೇಲಿನ ಓಣಿಯ ಗಂಡಸರು, ತಂದೆಯ ಹೆಸರು ಹೇಳಲಾಗದ ಒಂದು ಮಗು, ಬಾಯಿ ಮುಚ್ಚಲು ತಂದ ಒಂದು ಸೀರೆ. ಇಂಥ ಕಥೆ ನಮ್ಮ ಕೇರಿಗಳಿಗೆ ಹೊಸದಲ್ಲ. ನಿಮ್ಮ ತಂದೆ ಮಾಳಪ್ಪ ಯಾರ ಮಗ? ನನ್ನ ಆಯಿಗೆ ನಿಮ್ಮ ಮನೆಯವರು ಏನು ಮಾಡಿದಿರಿ?

ಆಮ್ರಪಾಲಿ ಹೆಂಟಿ


ಮಸಗುಪ್ಪಿ
೧೬ ಏಪ್ರಿಲ್ ೨೦೨೫

ಆಮ್ರಪಾಲಿ ಅವರಿಗೆ,

ಇಷ್ಟು ದಿನ ಬರೆಯಲಿಲ್ಲ. ನಿಮ್ಮ ಪತ್ರ ಓದಿ ಸಿಟ್ಟು ನೆತ್ತಿಗೇರಿತ್ತು. ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ನೀವು ಬರೆದದ್ದು ಖರೆ ಆಗಿದ್ದರೆ? ನಮ್ಮ ಕಾಕಾಗಳ ಅಡ್ಡಹೆಸರು ಪೂಜೇರಿ. ದಾಯಾದಿಗಳ ಇಡೀ ಭಾವಕಿಯಲ್ಲಿ ನಮ್ಮದೊಂದೇ ಮನೆ ಹೆಂಟಿ. ಇದನ್ನು ನಿಮಗೆ ಹೇಳಿರಲಿಲ್ಲ. ನಾನೂ ಎಂದೂ ಕೆದಕಿರಲಿಲ್ಲ, ಕೆದಕಿದರೆ ಏನು ಏಳುತ್ತದೋ ಎಂದು ಸುಮ್ಮನಿದ್ದೆ.

ಯುಗಾದಿ ಮುಗಿದ ಮೇಲೆ ಅವ್ವನ ಮುಂದೆ ನಿಮ್ಮ ಪತ್ರ ಓದಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. ಮೊರವನ್ನು ಪಕ್ಕಕ್ಕೆ ಸರಿಸಿ, "ಇದನ್ನ ಬಾಯಿ ಬಿಟ್ಟು ಹೇಳಬಾರದು ಅಂತ ನೇಮ ಐತಿ. ಹೇಳಿದ್ರ ನಿಮ್ಮಪ್ಪಗ ಕುತ್ತು. ಖರೆ ಕಾಡವ್ವನ ಮ್ಯಾಲ ಇಂಥಾ ಮಾತು ಬರಬಾರದು. ಅವ ಸತ್ತರ ಸಾಯಲಿ, ಕೇಳು" ಎಂದಳು. ಗಂಡನ ಮೇಲೆ ಜೀವ ಇಟ್ಟುಕೊಂಡವಳು ಆಡಿದ ಮಾತಿದು. ಅವಳು ಹೇಳಿದ್ದನ್ನು ಬರೆಯುತ್ತೇನೆ.

ನನ್ನ ಅಜ್ಜಿಗೆ ಹುಟ್ಟಿದ ಕೂಸುಗಳು ಒಂದೂ ಉಳಿಯುತ್ತಿರಲಿಲ್ಲವಂತೆ. ನಮ್ಮಪ್ಪ ಹುಟ್ಟಿದಾಗ ಹಿರಿಯರು, ಈ ಕೂಸನ್ನು ಮಾರಿಬಿಡಿ ಎಂದರು. ನಿಮಗೂ ಗೊತ್ತಿರಬಹುದು, ಹಿಂದೆ ಹಾಗೆ ಮಾಡುತ್ತಿದ್ದರು. ಸಾವು ಈ ಮನೆಯ ಕೂಸನ್ನು ಹುಡುಕಿಕೊಂಡು ಬಂದರೆ, ಅದು ಇಲ್ಲಿಯದಲ್ಲ, ಮಾರಿಯಾಗಿದೆ ಎನ್ನಬೇಕು. ಅಜ್ಜಿ ಕೂಸನ್ನು ಮೊರದಲ್ಲಿ ಮಲಗಿಸಿ ಕೆಳಗಿನ ಕೇರಿಗೆ ಒಯ್ದು ಕಾಡವ್ವನ ಹೊಸ್ತಿಲ ಮೇಲೆ ಇಟ್ಟಳು. ಕಾಡವ್ವ ಆಗ ಹೊಸ ಮದುಮಗಳು. ಒಳಗಿನಿಂದ ಒಂದು ಮೊರ ನುಚ್ಚು ತಂದು ಅಜ್ಜಿಯ ಸೆರಗಿಗೆ ಸುರಿದು, ಕೂಸನ್ನು ಎತ್ತಿಕೊಂಡು, "ಇವ ಇನ್ನ ಹೆಂಟ್ಯಾರ ಹುಡುಗ" ಎಂದಳು. ಆಮೇಲೆ ಸಾಕಲು ಅಜ್ಜಿಯ ಕೈಗೇ ಕೊಟ್ಟಳು. ಅಜ್ಜಿ ತನ್ನ ಮಗನನ್ನು ಇನ್ನೊಬ್ಬರ ಮಗನೆಂದು ಸಾಕಿದಳು. ಸಾಲೆಯಲ್ಲಿ ಮಾಸ್ತರರು ಅಡ್ಡಹೆಸರು ಕೇಳಿದಾಗಲೂ ಅಂಜಿಕೊಂಡು ಹೆಂಟಿ ಎಂದೇ ಬರೆಸಿದಳು. ಊರ ಹಿರಿಯರಿಗೆ ಎಲ್ಲ ಗೊತ್ತಿತ್ತು, ಬಾಯಿ ಬಿಟ್ಟರೆ ಕೂಸಿಗೆ ಕುತ್ತು ಎಂದು ಯಾರೂ ಆಡಲಿಲ್ಲ. ಆಮೇಲೆ ಅವರೂ ಹೋದರು.

ಅಂಥ ಮಗನನ್ನು ಮದುವೆಯ ಹೊತ್ತಿಗೆ ಸೀರೆ, ಒಂದು ಮೊರ ನುಚ್ಚು ಕೊಟ್ಟು ತಿರುಗಿ ಕೊಂಡುಕೊಳ್ಳಬೇಕು. ಆಗ ಹಳೆಯ ಅಡ್ಡಹೆಸರು ಬರುತ್ತದೆ. ಅಪ್ಪನ ಮದುವೆಯ ಮುಂಚೆ ಮನೆಯವರು ಸೀರೆ, ನುಚ್ಚು ಹಿಡಿದು ಫಾಲ್ಸ್‌ಗೆ ಹೋದರು. ಕಾಡವ್ವ ಮುಟ್ಟಲಿಲ್ಲ. "ನನ್ನ ಹಿರೇಮಗನ್ನ ಯಾಕ ಮಾರಲಿ? ಅವ ಬಂದ ಮ್ಯಾಲ ನನ್ನ ಹೊಟ್ಟ್ಯಾಗ ದುರ್ಗಪ್ಪ ಹುಟ್ಟ್ಯಾನ" ಎಂದಳಂತೆ. ಮನೆಯಲ್ಲಿ ಮದುವೆ ಬಂದಾಗಲೆಲ್ಲ ಅಪ್ಪ, ಗೋಕಾಕಕ್ಕೆ ಎತ್ತು ನೋಡಲು ಹೋಗುತ್ತೇನೆಂದು ನಮಗೆ ಹೇಳಿ ಫಾಲ್ಸ್‌ಗೆ ಹೋಗುತ್ತಿದ್ದ. ಎತ್ತು ಎಂದೂ ಬರಲಿಲ್ಲ. ನೀವು ಕಂಡ ಪಟಕಾದವನು ಅವನೇ. ಅವಳು ತಿರುಗಿಸಿ ಕಳಿಸಿದ ಸೀರೆಗಳು ನಮ್ಮ ಟ್ರಂಕಿನಲ್ಲಿ ಮಡಿಕೆ ಬಿಚ್ಚದೆ ಇವೆ. ದೇವರ ಸೀರೆ ಎಂದು ನಂದಾ ತಿಳಿದಿದ್ದಳು.

ನಿಮ್ಮ ಮೊದಲ ಪತ್ರ ಬಂದ ದಿನ ನಾನು ಅದನ್ನು ಓದುವುದು ಕಿವಿಗೆ ಬಿದ್ದು ಅಪ್ಪ ಊಟ ಬಿಟ್ಟಿದ್ದ. "ದುರ್ಗಪ್ಪ ಹೆಸರ ಬಿಡ್ತಾನಂತೇನು?" ಎಂದು ಕೇಳುತ್ತಲೇ ಇದ್ದ. ಅದನ್ನೂ ನಿಮಗೆ ಬರೆಯಲಿಲ್ಲ. ಕೊಟ್ಟವರ ಮನೆಯಲ್ಲೇ ಹೆಸರು ಹೋದರೆ ತನ್ನ ಜೀವಕ್ಕೆ ಆಸರೆ ಇಲ್ಲ ಎಂದು ಅವನ ನಂಬಿಕೆ. ನಿಮ್ಮ ತಂದೆ ಸಹಿ ಮಾಡದಿರುವುದು ಏತಕ್ಕೆಂದು ಈಗ ನಿಮಗೆ ತಿಳಿದಿರಬೇಕು.

ಅವ್ವ ಹೇಳುವಾಗ ಅಪ್ಪ ಪಡಸಾಲೆಯಲ್ಲಿ ಮಲಗಿ ಎಲ್ಲ ಕೇಳಿಸಿಕೊಂಡ. "ಹೇಳೇಬಿಟ್ಟಿಯೇನ?" ಎಂದ. ಉಂಡು ಮಲಗಿದ, ಮರುದಿನ ಎದ್ದ. ಅಂದಿನಿಂದ ಅವ್ವ ಆಗಾಗ ಅವನ ಮೂಗಿನ ಮುಂದೆ ಕೈ ಹಿಡಿದು ನೋಡುತ್ತಾಳೆ.

ಇನ್ನು ನನ್ನ ಮಾತು. ನಾನು ಇದ್ದ ಹಾಗೆಯೇ ಇದ್ದೇನೆ. ನಂದಾಳ ಸಂಬಂಧ ಗಟ್ಟಿಯಾಗುವವರೆಗೆ ಇದನ್ನು ಹೊರಗೆ ಆಡಬೇಡಿ. ಕೈ ಮುಗಿದು ಕೇಳುತ್ತೇನೆ.

ಮಹಾಂತೇಶ ಮಾ.


ಸಂಕೇಶ್ವರ
೨೭ ಏಪ್ರಿಲ್ ೨೦೨೫

ಮಹಾಂತೇಶ ಅವರಿಗೆ ಜೈಭೀಮ್.

ನಿಮ್ಮ ಪತ್ರವನ್ನು ಅಪ್ಪನ ಮುಂದೆ ಓದಿದೆ. ಅವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು, "ನಾ ಹೇಳಿಲ್ಲ ನೋಡು. ಅವರ ಹೇಳ್ಯಾರ. ನನ್ನ ಮ್ಯಾಲ ಬರೂದಿಲ್ಲ" ಎಂದ. ದಿನಾ ಬುದ್ಧವಂದನೆ ಮಾಡುವವನು, ನನ್ನ ಅಂಗಡಿಗೆ ನಿಂಬೆಹಣ್ಣು ಕಟ್ಟಲು ಬಿಡದವನು. ಅಂಥವನು ಮಸಗುಪ್ಪಿಯ ಒಬ್ಬ ರೈತ ಸಾಯಬಾರದೆಂದು ತನ್ನ ಮಗನ ಜೊತೆ ಮಾತು ಬಿಟ್ಟು ಕುಳಿತಿದ್ದ. ನನಗೆ ನಗುವೂ ಬಂತು, ಅಳುವೂ ಬಂತು.

ಆಯಿಯ ಬಗ್ಗೆ ಇಲ್ಲದ್ದನ್ನು ಊಹಿಸಿ ಬರೆದೆ. ಅದಕ್ಕೆ ನಿಮ್ಮ ಅವ್ವನ ಕ್ಷಮೆ ಕೇಳಿದ್ದೇನೆಂದು ಹೇಳಿ.

ನಿಮ್ಮ ಕ್ಷಮೆ ಕೇಳುವುದಿಲ್ಲ. ನಿಮ್ಮ ಅಜ್ಜಿ ಕೂಸನ್ನು ನಮ್ಮ ಹೊಸ್ತಿಲಿಗೇ ಏಕೆ ತಂದಳು ಎಂದು ಯೋಚಿಸಿದ್ದೀರಾ? ಮೇಲಿನ ಓಣಿಯ ಕೂಸು ಆ ಕೇರಿಯಲ್ಲಿ ಇರಬಹುದೆಂದು ಸಾವಿಗೂ ಅನಿಸುವುದಿಲ್ಲ ಎಂದು. ಅಲ್ಲಿ ಕಾಲಿಡಲು ಸಾವೂ ಹೇಸುತ್ತದೆ ಎಂದು. ನಮ್ಮ ನೆರಳು ಬಿದ್ದರೆ ನಿಮಗೆ ಮೈಲಿಗೆ, ನಮ್ಮ ಹೆಸರು ಮಾತ್ರ ರಕ್ಷೆ. ಈಗಲೂ ನೀವು ಕೇಳುತ್ತಿರುವುದು ಅದನ್ನೇ. ಹೆಸರು ನಿಮ್ಮ ಅಪ್ಪನನ್ನು ಕಾಯಲಿ, ನಾವು ಮಾತ್ರ ಕಾಣಿಸಬಾರದು.

ಬಾಯಿ ಬಿಡುವುದಿಲ್ಲ, ಹೆದರಬೇಡಿ. ನಿಮಗಾಗಿ ಅಲ್ಲ, ನಂದಾಳಿಗಾಗಿ.

ಹೆಸರಿನ ಮೂಲವನ್ನೂ ಅಪ್ಪ ಈಗ ಹೇಳಿದ. ಆಯಿಯ ಮಾವನ ಕಾಲದ್ದು. ಮಸಗುಪ್ಪಿಗೂ ಪಕ್ಕದ ಊರಿಗೂ ಗಡಿ ಜಗಳ ಹತ್ತಿ, ಎರಡೂ ಊರಿನವರು ಕೂಡಿ ಆ ನಮ್ಮ ಮುತ್ತಜ್ಜನ ತಲೆಯ ಮೇಲೆ ಹಸಿಮಣ್ಣಿನ ಹೆಂಟಿ ಇಟ್ಟರಂತೆ. ಅವನು ನಡೆದದ್ದೇ ಗಡಿ. ಸುಳ್ಳು ನಡೆದರೆ ಹೆಂಟಿ ಒಡೆದು ಬೀಳುತ್ತದೆ ಎಂಬ ನಂಬಿಕೆ. ಒಡೆಯಲಿಲ್ಲ. ತನ್ನದೆಂದು ಒಂದು ಗೇಣು ಹೊಲ ಇಲ್ಲದವನು ಎರಡು ಊರಿಗೆ ಹೊಲ ತೋರಿಸಿದ. ಅಂದಿನಿಂದ ನಾವು ಹೆಂಟಿ. ಸ್ವಪ್ನಿಲ್ ಕುಳಿತು ಇದನ್ನು ಪೂರ್ತಿ ಕೇಳಿದ. ಅಂದು ಅಪ್ಪನ ತಾಟಿಗೆ ತಾನೇ ಪಲ್ಯ ಬಡಿಸಿದ.

ಇನ್ನೊಂದು ಮಾತು. ಆಯಿ ಇಲ್ಲ. ಮನೆಯ ಹೆಣ್ಣು ಈಗ ನಾನು. ನಂದಾಳ ಮದುವೆ ಬಂದರೆ ಸೀರೆ, ನುಚ್ಚು ನನ್ನ ಬಾಗಿಲಿಗೆ ಬರಬೇಕು. ತೆಗೆದುಕೊಳ್ಳುತ್ತೇನೋ ಇಲ್ಲವೋ ಬಾಗಿಲಲ್ಲೇ ಹೇಳುತ್ತೇನೆ.

ಆಮ್ರಪಾಲಿ ಹೆಂಟಿ


ಮಸಗುಪ್ಪಿ
೧೮ ಮೇ ೨೦೨೫

ಆಮ್ರಪಾಲಿ ಅವರಿಗೆ,

ನಾಲ್ಕು ದಿನ ನಿಮ್ಮನ್ನು ಬೈದಿದ್ದೇನೆ. ಮನಸ್ಸಿನಲ್ಲೇ ಬೈದಿದ್ದು, ಆದರೂ ಹೇಳಿಬಿಡುತ್ತೇನೆ. ಹೋದ ವಾರ ಖಂಡೆಪ್ಪ ಹೇಳದೆ ಕೇಳದೆ ಹಿರಿಯರನ್ನು ಕರೆದುಕೊಂಡು ಬಂದರು. ನೀವೇ ಅವರಿಗೆ ಬರೆದಿರಬೇಕು ಎಂದುಕೊಂಡೆ. ಅದು ಸುಳ್ಳು ಎಂದು ಆಮೇಲೆ ತಿಳಿಯಿತು, ಅವರು ಬಂದದ್ದು ಮದುವೆಯ ದಿನ ನೋಡಲು.

ನಂದಾ ಚಹಾ ತಂದಿಟ್ಟಳು. ಖಂಡೆಪ್ಪ ಮತ್ತೆ ಅದೇ ಮಾತು ತೆಗೆದರು. "ಲಗ್ನಪತ್ರಿಕೆ ಹಾಕಸಬೇಕಲ್ರಿ. ಹೆಂಟಿ ಅಂದ್ರ ಯಾವ ಪೈಕಿ ಅಂತ ಮಂದಿ ಕೇಳ್ತಾರ." ನಾನು ಎರೆಹೊಲದ ಕಥೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಹಾಸಿಗೆಯ ಮೇಲೆ ಎದ್ದು ಕುಳಿತ. "ನಾ ಕೆಳಗಿನ ಕೇರಿ ಕಾಡವ್ವನ ಮಗಾರಿ. ಒಂದ್ ಮೊರ ನುಚ್ಚ ಕೊಟ್ಟ ಕೊಂಡಾಳ. ತಿರುಗಿ ಮಾರಿಲ್ಲ. ಇಷ್ಟ ವರ್ಷ ಬದುಕೇನಿ, ಸಾಕು" ಎಂದ.

ಯಾರೂ ಜಗಳ ಮಾಡಲಿಲ್ಲ. ವಿಚಾರ ಮಾಡಿ ತಿಳಿಸುತ್ತೇವೆಂದು ಎದ್ದರು. ಚಹಾ ಮುಟ್ಟಿರಲಿಲ್ಲ. ಆಮೇಲೆ ಏನೂ ತಿಳಿಸಿಲ್ಲ, ತಿಳಿಸುವುದೂ ಇಲ್ಲ. ನಂದಾ ಕಪ್ಪುಗಳನ್ನು ಒಂದೊಂದಾಗಿ ಮೋರಿಗೆ ಚೆಲ್ಲಿ ಬಂದು, "ಛಲೋ ಆತು ಬಿಡಪ್ಪಾ. ಚಹಾದಾಗ ಗೊತ್ತಾತು. ಮದಿವ್ಯಾಗಿ ಗೊತ್ತಾಗಿದ್ರ?" ಎಂದಳು. ಅಡುಗೆಮನೆಗೆ ಹೋಗಿ ಅತ್ತಳು. ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು.

ಅವಳಿಗೆ ಛಲೋ ಆಗಿರಬಹುದು, ನನಗೆ ಆಗಿಲ್ಲ. ಊರಲ್ಲಿ ತಲೆ ಎತ್ತಿ ನಡೆಯಲು ಬರುತ್ತಿಲ್ಲ. ನಿಮ್ಮ ಮೊದಲ ಪತ್ರ ಬಾರದೆ ಇದ್ದಿದ್ದರೆ ಎಂದು ದಿನಕ್ಕೊಮ್ಮೆ ಅನಿಸುತ್ತದೆ.

ಅಪ್ಪ ಸಂಕೇಶ್ವರಕ್ಕೆ ಬರಬೇಕೆಂದು ಹಟ ಹಿಡಿದಿದ್ದಾನೆ. ಮದುವೆ ಇಲ್ಲ, ಏತಕ್ಕೆ ಎಂದರೆ ಕೇಳುತ್ತಿಲ್ಲ. ಜೂನ್ ಒಂದು, ರವಿವಾರ ಕರೆದುಕೊಂಡು ಬರುತ್ತೇನೆ. ಗಾಡಿ ನಾನೇ ಹೊಡೆಯುತ್ತೇನೆ. ಒಳಗೆ ಬರುತ್ತೇನೆಂದು ಹೇಳಿಲ್ಲ.

ಮಹಾಂತೇಶ ಮಾ.


ಸಂಕೇಶ್ವರ
೨ ಜೂನ್ ೨೦೨೫

ಮಹಾಂತೇಶ ಅವರಿಗೆ,

ಹೇಳಿದ ಹಾಗೆಯೇ ಗಾಡಿಯಲ್ಲೇ ಕುಳಿತಿರಿ. ಗಾಜು ಏರಿಸಿಕೊಂಡು ಕುಳಿತಿರಿ, ಅಷ್ಟು ಸೆಖೆಯಲ್ಲಿ. ಒಳಗೆ ಏನಾಯಿತೆಂದು ನಿಮ್ಮ ಅಪ್ಪ ಅವ್ವ ಹೇಳಿರಬಹುದು. ನನ್ನ ಕಡೆಯಿಂದಲೂ ಕೇಳಿ.

ನಾನು ಬಾಗಿಲಲ್ಲಿ ನಿಂತಿದ್ದೆ. ಆಡಬೇಕಾದ ಮಾತೆಲ್ಲ ಕಟ್ಟಿಟ್ಟುಕೊಂಡಿದ್ದೆ, ನಿಮಗೆ ಬರೆದದ್ದಕ್ಕಿಂತ ಖಾರವಾಗಿ. ನಿಮ್ಮ ಅಪ್ಪ ನುಚ್ಚಿನ ಮೇಲೆ ಸೀರೆ ಇಟ್ಟ ಮೊರ ಹಿಡಿದುಕೊಂಡು ಬಂದ. ಹೆಜ್ಜೆಗೊಮ್ಮೆ ನುಚ್ಚು ಉದುರುತ್ತಿತ್ತು. "ಇದನ್ನ ತಗೊಂಡ್ರ ನೀವು ನಮ್ಮವರಲ್ಲ ಅಂತ ಆಗತೈತಿ. ಅದಕ್ಕ ತಂದೀರೇನ್ರಿ?" ಎಂದು ಕೇಳಿದೆ.

"ಇಲ್ಲ ಯವ್ವಾ. ಅದು ನನಗೂ ಬ್ಯಾಡ" ಎಂದ. "ನಿಮ್ಮ ಆಯಿ ಬೈದ ಕಳಸೂದು ನನಗ ಗೊತ್ತಽ ಇರ್ತಿತ್ತು. ಖರೆ ಅವ್ವನ ಮನಿಗಿ ಖಾಲಿ ಕೈಲೆ ಹೆಂಗ ಬರಲಿ?"

ನಾನು ಬಾಗಿಲು ಬಿಟ್ಟು ಸರಿದು ನಿಂತೆ. ಹಿಂದಿನಿಂದ ಅಪ್ಪ, "ಅಣ್ಣಾ, ಒಳಗ ಬಾ" ಎಂದ. ಅವರಿಬ್ಬರೂ ಅಂದೇ ಒಬ್ಬರನ್ನೊಬ್ಬರು ಹತ್ತಿರದಿಂದ ನೋಡಿದ್ದು. ಸ್ವಪ್ನಿಲ್ ಕುರ್ಚಿ ತಂದ. ನಿಮ್ಮ ಅವ್ವ ಅವನನ್ನು ದಿಟ್ಟಿಸಿ ನೋಡಿ, "ಹಾದಿ ಸಿಕ್ತೇನಪಾ?" ಎಂದಳು. ನಿಮ್ಮ ಅಪ್ಪ ಆಯಿಯ ಫೋಟೋದ ಕೆಳಗೆ ನೆಲದ ಮೇಲೆ ಕುಳಿತ.

ಆ ನುಚ್ಚನ್ನು ನಾನು ಇಟ್ಟುಕೊಳ್ಳಲಿಲ್ಲ, ತಿರುಗಿ ಕೊಡಲೂ ಇಲ್ಲ. ಕುದಿಸಿ ಮಜ್ಜಿಗೆ ಹಾಕಿ ಎಲ್ಲರಿಗೂ ಬಡಿಸಿದೆ. ಬೆಲೆಯನ್ನೇ ಉಂಡ ಮೇಲೆ ಇನ್ನು ಕೊಳ್ಳುವುದೇನು, ಮಾರುವುದೇನು? ನಿಮ್ಮ ಅಪ್ಪ ಎರಡನೆಯ ಸಲ ಕೇಳಿ ಹಾಕಿಸಿಕೊಂಡ. ಆಯಿಯ ಮನೆಯಲ್ಲಿ ಉಂಡದ್ದು ಇದೇ ಮೊದಲು ಎಂದ. ಸೀರೆಯನ್ನು ನಾನು ಉಡುತ್ತೇನೆ. ಲೆಕ್ಕಕ್ಕಲ್ಲ, ಚೆನ್ನಾಗಿದೆ ಎಂದು.

ಸ್ವಪ್ನಿಲ್ ಪ್ರಮಾಣಪತ್ರ ಹರಿದಿಲ್ಲ. "ದೊಡ್ಡಪ್ಪ ಇರೂತನಕ ಇರಲಿ, ಆಮ್ಯಾಲ ನೋಡೂಣು" ಎಂದು ಕಪಾಟಿನಲ್ಲಿ ಇಟ್ಟಿದ್ದಾನೆ. ನಾನು ಸಹಿ ಮಾಡುವುದಿಲ್ಲ. ನನ್ನ ಹೆಸರು ನನಗೆ ಸಿಕ್ಕಿತು.

ಉಳಿದದ್ದು ಒಂದೇ. ಹೊರಡುವಾಗ ನಿಮ್ಮ ಪಕ್ಕದ ಸೀಟಿನ ಮೇಲೆ ಸ್ಟೀಲಿನ ಡಬ್ಬಿ ಇಟ್ಟವಳು ನಾನು. ನೀವು ಆ ಕಡೆ ನೋಡುತ್ತಿದ್ದಿರಿ. ಅದರಲ್ಲಿ ನಿಮ್ಮ ಪಾಲಿನ ನುಚ್ಚು ಇತ್ತು. ತಿಂದಿರೋ, ಹಾದಿಯಲ್ಲಿ ಚೆಲ್ಲಿದಿರೋ? ಏನು ಮಾಡಿದ್ದರೂ ಖರೆ ಬರೆಯಿರಿ. ಎರೆಹೊಲದ ಕಥೆ ಬೇಡ.

ಆಮ್ರಪಾಲಿ ಹೆಂಟಿ


ಮಸಗುಪ್ಪಿ
೯ ಜೂನ್ ೨೦೨೫

ತಂಗಿ ಆಮ್ರಪಾಲಿಗೆ,

ಇನ್ನು ಮೇಲೆ ಲಕೋಟೆಯ ಮೇಲೆ ಹೆಸರು ಪೂರ್ತಿ ಬರೆ. ಟಪಾಲಿನವನು ಓದಿದರೆ ಓದಲಿ.

ಖರೆ ಕೇಳಿದ್ದೀ, ಖರೆ ಬರೆಯುತ್ತೇನೆ. ಹುಕ್ಕೇರಿ ದಾಟಿದ ಮೇಲೆ ಒಂದು ಹಳ್ಳದ ಬದಿಗೆ ಗಾಡಿ ನಿಲ್ಲಿಸಿದೆ. ಚೆಲ್ಲಬೇಕೆಂದೇ ನಿಲ್ಲಿಸಿದೆ. ಅವ್ವ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು, ಅಪ್ಪನೂ ಮಲಗಿದ್ದಾನೆಂದು ತಿಳಿದಿದ್ದೆ. ಕೆಳಗಿಳಿದು ಡಬ್ಬಿಯ ಮುಚ್ಚಳ ತೆಗೆದೆ.

"ಹಸಿವ್ಯಾತೇನೋ ಮಾಂತ್ಯಾ?" ಎಂದು ಅಪ್ಪ ಕಿಡಕಿಯಿಂದ ಕೇಳಿದ. "ತಿನ್ನು, ತಿನ್ನು. ನಿಮ್ಮ ಆಯಿ ಮನೀದೈತಿ."

ಗಾಡಿಯನ್ನು ಏತಕ್ಕೆ ನಿಲ್ಲಿಸಿದೆನೆಂದು ಅವನಿಗೆ ಕಿಂಚಿತ್ತೂ ಅನುಮಾನ ಬರಲಿಲ್ಲ. ಅದು ನನ್ನ ಮನಸ್ಸಿಗೆ ಬಹಳ ಹತ್ತಿತು. ಇಷ್ಟು ತಿಂಗಳು ನಾನು ಅನುಮಾನ ಪಡದ ಮನುಷ್ಯ ಉಳಿದಿಲ್ಲ. ಅವನು ಕಿಡಕಿಗೆ ಗದ್ದ ಊರಿ, ಸಣ್ಣ ಹುಡುಗ ಉಣ್ಣುವುದನ್ನು ನೋಡುವ ಹಾಗೆ ನೋಡುತ್ತಿದ್ದ.

ನನಗೆ ಹಸಿವಾಗಿರಲಿಲ್ಲ. ಹಳ್ಳದ ಬದಿಗೆ ಕುಳಿತು ಪೂರ್ತಿ ತಿಂದೆ. ಉಪ್ಪು ಕಡಿಮೆ ಇತ್ತು.

ಮಹಾಂತೇಶ ಮಾಳಪ್ಪ ಹೆಂಟಿ